ಬ್ರಿಟನ್ನಿನ ಮನೆಗೆ ಟಿವಿ ಲೈಸೆನ್ಸ್ ಬೇಕೇ, ಬೇಡವೇ? ಹೊಸದಾಗಿ ಬಂದ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಬ್ರಿಟನ್ನಿನಲ್ಲಿ ಬಾಡಿಗೆ ಮನೆ ಹಿಡಿದು ಪಾತ್ರೆ ಪಗಡಿ ಜೋಡಿಸಿಕೊಳ್ಳುವಷ್ಟರಲ್ಲಿ ಬಾಗಿಲ ಕಿಂಡಿಯಿಂದ ಒಂದು ಲಕೋಟೆ ಒಳಗೆ ಬೀಳುತ್ತದೆ. ಅದರ ಮೇಲೆ ನಿಮ್ಮ ಹೆಸರಿರುವುದಿಲ್ಲ. ‘ಕಾನೂನುಬದ್ಧ ನಿವಾಸಿಗೆ’ ಎಂದಷ್ಟೇ ಇರುತ್ತದೆ. ಈ ವಿಳಾಸಕ್ಕೆ ಟಿವಿ ಲೈಸೆನ್ಸ್ (ಟಿವಿ ಪ್ರಸಾರ ನೋಡಲು ವರ್ಷಕ್ಕೊಮ್ಮೆ ಹಣ ಕಟ್ಟಿ ಪಡೆಯುವ ಪರವಾನಗಿ) ಇಲ್ಲ, ತನಿಖೆ ನಡೆಯಬಹುದು, 1,000 ಪೌಂಡ್‌ವರೆಗೆ ದಂಡ ಬೀಳಬಹುದು ಎಂದು ಒಳಗಿನ ಪತ್ರ ಹೇಳುತ್ತದೆ. ವೀಸಾದ ಮೇಲೆ ಬಂದವರಿಗೆ ನ್ಯಾಯಾಲಯ ಎಂಬ ಮಾತು ಕೇಳಿದರೇ ಎದೆ ಝಲ್ಲೆನ್ನುತ್ತದೆ. ಕೆಲವರು ಅಂದೇ ರಾತ್ರಿ ಹಣ ಕಟ್ಟಿಬಿಡುತ್ತಾರೆ. ಕೆಲವರು ‘ಮನೆಯಲ್ಲಿ ಟಿವಿಯೇ ಇಲ್ಲ, ನಮಗ್ಯಾಕೆ’ ಎಂದು ಪತ್ರವನ್ನು ಹರಿದು ಹಾಕುತ್ತಾರೆ. ಟಿವಿ ಇದ್ದೂ ಲೈಸೆನ್ಸ್ ಬೇಕಿಲ್ಲದ ಮನೆಗಳಿವೆ, ಟಿವಿ ಇಲ್ಲದೆಯೂ ಲೈಸೆನ್ಸ್ ಬೇಕಾದ ಮನೆಗಳಿವೆ. ಕನ್ನಡಿಗರ ಮನೆಗಳಲ್ಲಿ ಎರಡನೆಯ ಬಗೆಯವೇ ಹೆಚ್ಚು ಎಂಬುದು ನನ್ನ ಅಂದಾಜು. ಕಾರಣವನ್ನು ಮುಂದೆ ಹೇಳುತ್ತೇನೆ.

ಕಾನೂನು ಕೇಳುವ ಪ್ರಶ್ನೆ

ಇದಕ್ಕೆ ಆಧಾರ 2003ರ ಕಮ್ಯುನಿಕೇಷನ್ಸ್ ಕಾಯ್ದೆ. ಅದರ 363ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ‘ಟೆಲಿವಿಷನ್ ರಿಸೀವರ್’ ಅಳವಡಿಸುವುದು ಅಥವಾ ಬಳಸುವುದು ಅಪರಾಧ. ಈ ರಿಸೀವರ್ ಎಂದರೆ ಗೋಡೆಗೆ ನೇತು ಹಾಕಿದ ದೊಡ್ಡ ಪರದೆಯೇ ಆಗಬೇಕಿಲ್ಲ. ಟಿವಿ ವಾಹಿನಿಯ ಕಾರ್ಯಕ್ರಮವನ್ನು ಪ್ರಸಾರವಾಗುವ ಹೊತ್ತಿನಲ್ಲೇ ಪಡೆಯಲು ಬಳಸುವ ಯಾವ ಸಾಧನವೂ, ಅಂದರೆ ಮೊಬೈಲ್, ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಆಟದ ಕನ್ಸೋಲ್ ಕೂಡ, ರಿಸೀವರ್ ಎನಿಸಿಕೊಳ್ಳುತ್ತದೆ. ಪೆಟ್ಟಿಗೆ ಇದೆಯೇ ಎಂದು ಕಾನೂನು ಕೇಳುವುದಿಲ್ಲ. ನೀವು ಏನನ್ನು, ಯಾವಾಗ ನೋಡುತ್ತೀರಿ ಎಂದು ಕೇಳುತ್ತದೆ.

ಹಾಗಾಗಿ ಲೈಸೆನ್ಸ್ ಬೇಕಾಗುವುದು ಎರಡು ಸಂದರ್ಭಗಳಲ್ಲಿ ಮಾತ್ರ. ಯಾವುದೇ ವಾಹಿನಿಯ ನೇರ ಪ್ರಸಾರವನ್ನು, ಅಂದರೆ ವಾಹಿನಿಯಲ್ಲಿ ಹೋಗುತ್ತಿರುವ ಕಾರ್ಯಕ್ರಮವನ್ನು ಆ ಹೊತ್ತಿನಲ್ಲೇ, ಯಾವುದೇ ಸಾಧನದಲ್ಲಿ ನೋಡಿದರೆ ಅಥವಾ ರೆಕಾರ್ಡ್ ಮಾಡಿ ಇಟ್ಟುಕೊಂಡರೆ ಬೇಕು. ಬಿಬಿಸಿಯ ವಿಡಿಯೋ ಆ್ಯಪ್ ಆದ ಐಪ್ಲೇಯರ್‌ನಲ್ಲಿ ಬಿಬಿಸಿ ಕಾರ್ಯಕ್ರಮಗಳನ್ನು ನೋಡಿದರೆ, ಅದು ಹಳೆಯ ಕಂತೇ ಆಗಿದ್ದರೂ, ಬೇಕು. ಐಪ್ಲೇಯರ್‌ಗೆ ಈ ನಿಯಮ ಸೇರಿದ್ದು 2016ರ ಸೆಪ್ಟೆಂಬರ್ 1ರಂದು. ಅದಕ್ಕೂ ಮುಂಚೆ ಬಂದು ನೆಲೆಸಿದ ಹಿರಿಯರು ‘ಐಪ್ಲೇಯರ್‌ನಲ್ಲಿ ಹಳೆಯದನ್ನು ನೋಡಿದರೆ ಪರವಾಗಿಲ್ಲ’ ಎಂದು ಈಗಲೂ ಹೇಳುವುದುಂಟು. ಆ ಸಲಹೆಯ ಕಾಲ ಮುಗಿದಿದೆ.

ನಮ್ಮ ಅಜ್ಜ ಅಜ್ಜಿಯರ ಪೀಳಿಗೆಗೆ ಇಂಥ ವ್ಯವಸ್ಥೆ ಹೊಸದೇನಲ್ಲ. ರೇಡಿಯೋ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಲೈಸೆನ್ಸ್ ಪುಸ್ತಕ ನವೀಕರಿಸಿಕೊಳ್ಳುತ್ತಿದ್ದರು. ಮುಂದೆ ಟಿವಿಗೂ ಅದೇ ಪದ್ಧತಿ ಬಂತು. ಭಾರತ ಅದನ್ನು 1980ರ ದಶಕದ ನಡುವೆ ಕೈಬಿಟ್ಟಿತು. ಬ್ರಿಟನ್ ಕೈಬಿಡಲಿಲ್ಲ. ಅಲ್ಲಿ 1922ರಲ್ಲಿ ರೇಡಿಯೋಗೆ 10 ಶಿಲಿಂಗ್ ಶುಲ್ಕವಿತ್ತು, 1946ರಲ್ಲಿ ಟಿವಿ ಸೇರಿ 2 ಪೌಂಡ್ ಆಯಿತು. ರೇಡಿಯೋದ ಪ್ರತ್ಯೇಕ ಲೈಸೆನ್ಸ್ 1971ರಲ್ಲಿ ರದ್ದಾಯಿತು. ಆದ್ದರಿಂದ ರೇಡಿಯೋ ಕೇಳಲು ಇಂದು ಯಾವ ಶುಲ್ಕವೂ ಇಲ್ಲ. ಬಿಬಿಸಿ ಸೌಂಡ್ಸ್ ಆ್ಯಪ್‌ನಲ್ಲಿ ಕೇಳುವುದಕ್ಕೂ ಇಲ್ಲ.

ಹಂತ 1: ಮನೆಯವರೆಲ್ಲ ಏನು ನೋಡುತ್ತಾರೆ, ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮದಷ್ಟೇ ಅಲ್ಲ, ಮನೆಯಲ್ಲಿರುವ ಪ್ರತಿಯೊಬ್ಬರ ವೀಕ್ಷಣೆಯನ್ನೂ ಬರೆಯಿರಿ. ಮಕ್ಕಳ ಟ್ಯಾಬ್ಲೆಟ್, ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಕೇಳುವ ಮೊಬೈಲ್, ಊರಿನಿಂದ ಬಂದಿರುವ ಅಪ್ಪ ಅಮ್ಮನ ಫೋನು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಹಾಕಿ: ಇದು ಈಗ ಯಾವುದಾದರೂ ಟಿವಿ ವಾಹಿನಿಯಲ್ಲಿ ಪ್ರಸಾರವಾಗುತ್ತಿದೆಯೇ?

ನೆಟ್‌ಫ್ಲಿಕ್ಸ್‌ನಲ್ಲಿ ಬೇಕೆಂದಾಗ ನೋಡುವ ಸಿನಿಮಾ, ಪ್ರೈಮ್ ವಿಡಿಯೋದಲ್ಲಿರುವ ಕನ್ನಡ ಚಿತ್ರ, ಯೂಟ್ಯೂಬ್‌ನಲ್ಲಿ ಮೊದಲೇ ಹಾಕಿಟ್ಟ ಅಡುಗೆಯ ವಿಡಿಯೋ, ಧಾರಾವಾಹಿಯ ನಿನ್ನೆಯ ಕಂತು, ಡಿವಿಡಿ, ವಿಡಿಯೋ ಗೇಮ್, ಇವಕ್ಕೆ ಲೈಸೆನ್ಸ್ ಬೇಡ. ಐಟಿವಿ ಅಥವಾ ಚಾನೆಲ್ 4ರ ಆ್ಯಪ್‌ಗಳಲ್ಲಿ ಪ್ರಸಾರ ಮುಗಿದ ಮೇಲೆ ನೋಡುವುದಕ್ಕೂ ಬೇಡ. ದೊಡ್ಡ ಟಿವಿಯನ್ನು ಇವಿಷ್ಟಕ್ಕೇ ಬಳಸುವವರು ನಿಶ್ಚಿಂತೆಯಿಂದ ಇರಬಹುದು. ಟಿವಿ ಕೊಂಡ ಮಾತ್ರಕ್ಕೆ ಶುಲ್ಕ ಕಟ್ಟಬೇಕೆಂಬ ಕಾನೂನಿಲ್ಲ.

ಆದರೆ ಅದೇ ಪ್ರೈಮ್ ವಿಡಿಯೋದಲ್ಲಿ ಫುಟ್‌ಬಾಲ್ ಪಂದ್ಯ ನೇರವಾಗಿ ಬರುತ್ತಿದ್ದರೆ ಲೈಸೆನ್ಸ್ ಬೇಕು. ಆ್ಯಪ್‌ಗೆ ತಿಂಗಳ ಚಂದಾ ಕಟ್ಟಿದ್ದೇವಲ್ಲ ಎಂಬ ವಾದ ನಿಲ್ಲುವುದಿಲ್ಲ. ಚಂದಾ ಆ ಕಂಪನಿಗೆ ಹೋಗುತ್ತದೆ, ಲೈಸೆನ್ಸ್ ಬೇರೆಯೇ ವಿಷಯ. ನೇರ ಪ್ರಸಾರವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಮುಂದುವರಿಸಿದರೂ ಅದು ನೇರ ಪ್ರಸಾರವೇ.

ಹಂತ 2: ಕನ್ನಡ ವಾಹಿನಿಗಳ ವಿಷಯದಲ್ಲಿ ಎಡವಬೇಡಿ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ‘ಲೈಸೆನ್ಸ್ ಬಿಬಿಸಿಗೆ. ನಾವು ಬಿಬಿಸಿ ನೋಡುವುದೇ ಇಲ್ಲ, ನೋಡುವುದು ಕನ್ನಡ ನ್ಯೂಸ್ ಮಾತ್ರ’ ಎಂಬ ಮಾತು ನಮ್ಮವರ ನಡುವೆ ಬಹಳ ಓಡಾಡುತ್ತದೆ. ಇದು ಕಾನೂನಿನ ಮುಂದೆ ನಿಲ್ಲುವ ಮಾತಲ್ಲ. ಸಂಗ್ರಹವಾದ ಹಣ ಬಿಬಿಸಿಯನ್ನು ನಡೆಸಲು ಹೋಗುತ್ತದೆ ಎಂಬುದು ನಿಜ. ಆದರೆ ಲೈಸೆನ್ಸ್ ಬೇಕಾಗುವುದು ಯಾವುದೇ ವಾಹಿನಿಯ ನೇರ ಪ್ರಸಾರಕ್ಕೆ. ವಾಹಿನಿ ಬೆಂಗಳೂರಿನದಾದರೂ, ಭಾಷೆ ಕನ್ನಡವಾದರೂ, ಉಪಗ್ರಹದ ಬದಲು ಅಂತರ್ಜಾಲದಲ್ಲಿ ಬಂದರೂ, ನೋಡುವವರು ಬ್ರಿಟನ್ನಿನಲ್ಲಿ ಕುಳಿತಿದ್ದರೆ ಅದೇ ನಿಯಮ.

ನಮ್ಮ ಸುದ್ದಿ ವಾಹಿನಿಗಳು ದಿನವಿಡೀ ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಕೊಡುತ್ತವೆ. ಟಿವಿಯಲ್ಲಿ ಹೋಗುತ್ತಿರುವುದೇ ಅಲ್ಲಿಯೂ ಹೋಗುತ್ತಿರುತ್ತದೆ. ಬೆಳಗಿನ ಕಾಫಿಯ ಜೊತೆ ಅದನ್ನು ಹಾಕಿಕೊಂಡರೆ ಲೈಸೆನ್ಸ್ ಬೇಕು. ಅದೇ ವಾಹಿನಿ ಒಂದು ಸುದ್ದಿಯನ್ನು ತುಂಡು ಮಾಡಿ ಯೂಟ್ಯೂಬ್‌ಗೆ ಹಾಕಿದ ಮೇಲೆ ನೋಡಿದರೆ ಬೇಡ. ವಿಜಯದಶಮಿಯಂದು ಜಂಬೂಸವಾರಿಯನ್ನು ದೂರದರ್ಶನ ಚಂದನದಲ್ಲಿ ನೇರವಾಗಿ ನೋಡಿದರೆ ಬೇಕು. ಮೆರವಣಿಗೆ ಮುಗಿದ ಮೇಲೆ ಅದರ ವಿಡಿಯೋ ಹಾಕಿಕೊಂಡು ನೋಡಿದರೆ ಬೇಡ. ಐಪಿಎಲ್ ಪಂದ್ಯವನ್ನು ಸ್ಕೈ ಸ್ಪೋರ್ಟ್ಸ್‌ನಲ್ಲಿ ನೇರವಾಗಿ ನೋಡಿದರೆ ಬೇಕು. ರಾತ್ರಿ ಮುಖ್ಯಾಂಶಗಳ ತುಣುಕನ್ನು ಯೂಟ್ಯೂಬ್‌ನಲ್ಲಿ ನೋಡಿದರೆ ಬೇಡ. ಊರಿನ ಕೇಬಲ್‌ನವರ ಲಿಂಕ್, ಯಾರೋ ಕೊಟ್ಟ ಐಪಿಟಿವಿ ಪೆಟ್ಟಿಗೆ, ವಿಪಿಎನ್ ಇವೆಲ್ಲ ದಾರಿಗಳಷ್ಟೇ. ಯಾವ ದಾರಿಯಿಂದ ಬಂದರೂ ನೇರ ಪ್ರಸಾರ ನೇರ ಪ್ರಸಾರವೇ. ಐಪಿಟಿವಿ ಪೆಟ್ಟಿಗೆಗಳಲ್ಲಿ ಹಲವು ಕಳ್ಳಪ್ರಸಾರದವು ಎಂಬ ಬೇರೆ ತೊಂದರೆಯೂ ಇದೆ.

ಎಲ್ಲ ‘ಲೈವ್’ ಟಿವಿಯಲ್ಲ ಎಂಬುದನ್ನೂ ತಿಳಿದಿರಬೇಕು. ಕನ್ನಡ ಸಂಘದವರು ಯುಗಾದಿ ಕಾರ್ಯಕ್ರಮವನ್ನು ಫೇಸ್‌ಬುಕ್‌ನಲ್ಲಿ ನೇರವಾಗಿ ತೋರಿಸಿದರೆ, ಊರಿನ ಮದುವೆಯನ್ನು ಛಾಯಾಗ್ರಾಹಕರು ಯೂಟ್ಯೂಬ್‌ನಲ್ಲಿ ನೇರವಾಗಿ ಹಾಕಿದರೆ, ಅದು ಯಾವ ಟಿವಿ ವಾಹಿನಿಯ ಪ್ರಸಾರವೂ ಅಲ್ಲ. ಅದಕ್ಕೆ ಲೈಸೆನ್ಸ್ ಬೇಡ. ಜೂಮ್, ವಾಟ್ಸ್‌ಆ್ಯಪ್ ಕರೆಗಳ ಬಗ್ಗೆ ಯೋಚಿಸಲೇಬೇಡಿ.

ಅಪ್ಪ ಅಮ್ಮ ಆರು ತಿಂಗಳಿಗೆ ಬಂದಾಗ ಏನು ಮಾಡುವುದು? ಬೇಸಿಗೆಯಲ್ಲಿ ಈ ಪ್ರಶ್ನೆ ಬಹಳ ಮನೆಗಳಲ್ಲಿ ಏಳುತ್ತದೆ. ಅವರಿಗೆ ಇಲ್ಲಿ ಗೆಳೆಯರಿಲ್ಲ, ಹೊರಗೆ ಚಳಿ, ಭಾಷೆ ಅಪರಿಚಿತ. ಕನ್ನಡ ನ್ಯೂಸ್ ಅವರಿಗೆ ಊರಿನ ಜಗಲಿ ಇದ್ದ ಹಾಗೆ. ಅದನ್ನು ಅವರಿಂದ ಕಿತ್ತುಕೊಳ್ಳಬೇಡಿ. ಅವರು ಬರುವ ತಿಂಗಳಲ್ಲಿ ಲೈಸೆನ್ಸ್ ತೆಗೆದುಕೊಳ್ಳಿ, ಅವರು ಹೊರಟ ಮೇಲೆ ನಿಮಗೆ ಅದು ಬೇಡವಾದರೆ ರದ್ದು ಮಾಡಿ ಉಳಿದ ಪೂರ್ಣ ತಿಂಗಳುಗಳ ಹಣ ವಾಪಸ್ ಕೇಳಿ. ಇದು ಪೂರ್ತಿ ಕಾನೂನುಬದ್ಧ ದಾರಿ.

ಹಂತ 3: ಒಂದು ವಿಳಾಸಕ್ಕೆ ಎಷ್ಟು ಲೈಸೆನ್ಸ್?

ಒಂದು ಕುಟುಂಬ ಒಂದು ಮನೆಯಲ್ಲಿದ್ದರೆ ಒಂದೇ ಸಾಕು. ಎಷ್ಟು ಟಿವಿ, ಎಷ್ಟು ಫೋನು ಎಂಬುದು ಮುಖ್ಯವಲ್ಲ.

ಗೊಂದಲವಿರುವುದು ಹಂಚಿಕೊಂಡ ಮನೆಗಳಲ್ಲಿ. ವಿದ್ಯಾರ್ಥಿಗಳು, ಆಸ್ಪತ್ರೆಗಳಿಗೆ ಬಂದ ದಾದಿಯರು, ಮೊದಲ ವರ್ಷದ ಐಟಿಯವರು ಹೀಗೆಯೇ ಇರುತ್ತಾರೆ. ಬಾಡಿಗೆ ಕರಾರು ತೆಗೆದು ನೋಡಿ. ಎಲ್ಲರ ಹೆಸರೂ ಒಂದೇ ಕರಾರಿನಲ್ಲಿದ್ದರೆ ಸಾಮಾನ್ಯವಾಗಿ ಇಡೀ ಮನೆಗೆ ಒಂದು ಲೈಸೆನ್ಸ್ ಸಾಕು, ಅದನ್ನು ಹಂಚಿಕೊಂಡು ಕಟ್ಟಬಹುದು. ಒಬ್ಬೊಬ್ಬರ ಕೋಣೆಗೂ ಬೇರೆ ಬೇರೆ ಕರಾರಿದ್ದರೆ, ತನ್ನ ಕೋಣೆಯಲ್ಲಿ ನೇರ ಪ್ರಸಾರ ನೋಡುವ ಪ್ರತಿಯೊಬ್ಬರಿಗೂ ಅವರದೇ ಲೈಸೆನ್ಸ್ ಬೇಕು. ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಲ್ಲಿ ಸಾಮೂಹಿಕ ಕೊಠಡಿಯ ಟಿವಿಗೆ ಲೈಸೆನ್ಸ್ ಇದ್ದರೂ ಅದು ನಿಮ್ಮ ಕೋಣೆಗೆ ಅನ್ವಯಿಸುವುದಿಲ್ಲ.

ಬ್ರಿಟನ್ನಿನಲ್ಲೇ ತಂದೆ ತಾಯಿ ಇರುವ ವಿದ್ಯಾರ್ಥಿಗಳಿಗೆ ಒಂದು ವಿನಾಯಿತಿ ಇದೆ. ಹೆತ್ತವರ ಮನೆಗೆ ಲೈಸೆನ್ಸ್ ಇದ್ದರೆ, ವಿದ್ಯಾರ್ಥಿ ತನ್ನ ಕೋಣೆಯಲ್ಲಿ ಬ್ಯಾಟರಿಯಿಂದಲೇ ನಡೆಯುವ, ವಿದ್ಯುತ್ ಪ್ಲಗ್‌ಗೂ ಆಂಟೆನಾಗೂ ಜೋಡಿಸದ ಸಾಧನದಲ್ಲಿ ನೋಡಬಹುದು. ಹೆತ್ತವರು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ವಿದ್ಯಾರ್ಥಿಗೆ ಇದರ ಪ್ರಯೋಜನವಿಲ್ಲ.

ಹಂತ 4: ಬೇಕೆಂದು ತಿಳಿದರೆ ಕಟ್ಟುವ ಬಗೆ

2025ರ ಏಪ್ರಿಲ್ 1ರಂದು ಜಾರಿಗೆ ಬಂದ ದರ ವರ್ಷಕ್ಕೆ 174.50 ಪೌಂಡ್. ಅದಕ್ಕೂ ಹಿಂದಿನ ವರ್ಷ 169.50 ಇತ್ತು. ಬಿಬಿಸಿಯ ಈಗಿನ ಸನ್ನದು 2027ರ ಡಿಸೆಂಬರ್ 31ಕ್ಕೆ ಮುಗಿಯುವವರೆಗೆ ಪ್ರತಿ ಏಪ್ರಿಲ್‌ನಲ್ಲಿ ಹಣದುಬ್ಬರಕ್ಕೆ ತಕ್ಕಂತೆ ದರ ಏರುವ ವ್ಯವಸ್ಥೆ ಇದೆ. ಆದ್ದರಿಂದ ಕಟ್ಟುವ ದಿನದ ದರವನ್ನು, ಬಿಬಿಸಿಯ ಪರವಾಗಿ ಈ ಹಣ ಸಂಗ್ರಹಿಸುವ ‘ಟಿವಿ ಲೈಸೆನ್ಸಿಂಗ್’ನ ಅಧಿಕೃತ ಜಾಲತಾಣದಲ್ಲಿ ನೋಡಿಕೊಳ್ಳಿ. ಆ ಸನ್ನದು ಮುಗಿದ ಮೇಲೆ ನಿಯಮಗಳೇ ಬದಲಾಗಬಹುದು. ಅಲ್ಲಿಯವರೆಗೆ ಈಗಿನ ಕಾನೂನೇ ಕಾನೂನು.

ಒಂದೇ ಸಲಕ್ಕೆ ಕಟ್ಟಬಹುದು, ಬ್ಯಾಂಕ್ ಖಾತೆಯಿಂದ ತಿಂಗಳ ಕಂತಿನಲ್ಲಿ ಡೈರೆಕ್ಟ್ ಡೆಬಿಟ್ ಮೂಲಕವೂ ಕಟ್ಟಬಹುದು. ತಿಂಗಳ ಕಂತು ಆಯ್ದುಕೊಂಡವರು ಒಂದನ್ನು ಗಮನಿಸಬೇಕು: ಮೊದಲ ಲೈಸೆನ್ಸ್‌ನ ಪೂರ್ಣ ಹಣವನ್ನು ಆರು ತಿಂಗಳಲ್ಲೇ ತೆಗೆದುಕೊಳ್ಳುತ್ತಾರೆ. ಅಂದರೆ 174.50ರ ದರದಲ್ಲಿ ತಿಂಗಳಿಗೆ ಸುಮಾರು 29 ಪೌಂಡ್. ಆಮೇಲೆ ಅದು ಸುಮಾರು 14.50ಕ್ಕೆ ಇಳಿಯುತ್ತದೆ. ಮೊದಲ ಕಂತು ಕಂಡು ಮೋಸವಾಯಿತೆಂದು ಗಾಬರಿಯಾಗಬೇಡಿ. ಮೂರು ತಿಂಗಳಿಗೊಮ್ಮೆ ಕಟ್ಟಿದರೆ ಪ್ರತಿ ಕಂತಿಗೂ 1.25 ಪೌಂಡ್ ಹೆಚ್ಚುವರಿ ಬೀಳುತ್ತದೆ, ನಾನಂತೂ ಅದನ್ನು ಸಲಹೆ ಮಾಡುವುದಿಲ್ಲ.

ತೀವ್ರ ದೃಷ್ಟಿದೋಷವಿದೆ ಎಂದು ಪ್ರಮಾಣೀಕೃತರಾದವರು ಮನೆಯಲ್ಲಿದ್ದರೆ ಅರ್ಧ ದರ. ಲೈಸೆನ್ಸ್ ಅವರ ಹೆಸರಿನಲ್ಲಿರಬೇಕು. 75 ದಾಟಿದವರಿಗೆಲ್ಲ ಉಚಿತ ಎಂಬುದು 2020ರ ಆಗಸ್ಟ್ 1ಕ್ಕೆ ಮುಗಿದ ಕಥೆ. ಈಗ 75 ದಾಟಿರುವುದರ ಜೊತೆಗೆ ಅವರೋ ಅವರ ಸಂಗಾತಿಯೋ ‘ಪೆನ್ಷನ್ ಕ್ರೆಡಿಟ್’ ಎಂಬ ಸರ್ಕಾರಿ ನೆರವು ಪಡೆಯುತ್ತಿರಬೇಕು. ಊರಿನಿಂದ ಪ್ರವಾಸಿ ವೀಸಾದಲ್ಲಿ ಬಂದ ಎಂಬತ್ತರ ಅಜ್ಜನ ವಯಸ್ಸು ತೋರಿಸಿ ಉಚಿತ ಲೈಸೆನ್ಸ್ ಪಡೆಯಲಾಗದು.

ಹಂತ 5: ಬೇಡವೆಂದು ತಿಳಿದರೆ ಘೋಷಣೆ

ನಿಮ್ಮ ಮನೆಯಲ್ಲಿ ಯಾರೂ ನೇರ ಪ್ರಸಾರವನ್ನಾಗಲೀ ಐಪ್ಲೇಯರನ್ನಾಗಲೀ ನೋಡುವುದಿಲ್ಲ ಎಂದು ಖಚಿತವಾದರೆ ಟಿವಿ ಲೈಸೆನ್ಸಿಂಗ್ ಜಾಲತಾಣದಲ್ಲಿ ‘ಲೈಸೆನ್ಸ್ ಬೇಕಿಲ್ಲ’ ಎಂಬ ಘೋಷಣೆ ತುಂಬಬಹುದು. ಹೀಗೆ ಘೋಷಿಸಲೇಬೇಕೆಂದು ಕಾನೂನು ಹೇಳುವುದಿಲ್ಲ. ಆದರೂ ಘೋಷಿಸುವುದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ; ತಿಂಗಳು ತಿಂಗಳೂ ಬರುವ ಎಚ್ಚರಿಕೆ ಪತ್ರಗಳು ನಿಲ್ಲುತ್ತವೆ, ಮನೆಯಲ್ಲಿ ಒಬ್ಬರೇ ಇರುವವರ ನೆಮ್ಮದಿ ಉಳಿಯುತ್ತದೆ. ಘೋಷಣೆ ಸಾಮಾನ್ಯವಾಗಿ ಎರಡು ವರ್ಷ ನಡೆಯುತ್ತದೆ, ಆಮೇಲೆ ಮತ್ತೆ ಕೇಳುತ್ತಾರೆ. ದೃಢಪಡಿಸಿಕೊಳ್ಳಲು ಅಧಿಕಾರಿ ಬರಲೂಬಹುದು. ದೃಢೀಕರಣದ ಮಿಂಚಂಚೆಯನ್ನು ಅಳಿಸದೆ ಇಟ್ಟುಕೊಳ್ಳಿ. ನಡುವೆ ನಿಮ್ಮ ಅಭ್ಯಾಸ ಬದಲಾದರೆ, ಉದಾಹರಣೆಗೆ ವಿಶ್ವಕಪ್‌ಗೆ ಸ್ಕೈ ಹಾಕಿಸಿಕೊಂಡರೆ, ನೋಡಲು ತೊಡಗುವ ಮೊದಲೇ ಲೈಸೆನ್ಸ್ ಕೊಳ್ಳಬೇಕು. ಸುಳ್ಳು ಘೋಷಣೆ ಮಾಡಬೇಡಿ.

ಹಂತ 6: ಅಧಿಕಾರಿ ಬಾಗಿಲಿಗೆ ಬಂದರೆ

ಬರುವವರು ಪೊಲೀಸರಲ್ಲ. ‘ಟಿವಿ ಲೈಸೆನ್ಸಿಂಗ್’ ಎಂಬುದು ಬಿಬಿಸಿಯ ಪರವಾಗಿ ಗುತ್ತಿಗೆ ಪಡೆದ ಕಂಪನಿಗಳು ಬಳಸುವ ವ್ಯಾಪಾರನಾಮ. ಅವರ ಗುರುತಿನ ಚೀಟಿ ಕೇಳಿ ನೋಡಿ. ನಿಮ್ಮ ಒಪ್ಪಿಗೆ ಇಲ್ಲದೆ ಅವರು ಒಳಗೆ ಬರುವಂತಿಲ್ಲ. ಒಳಗೆ ಬಿಡುವುದೋ ಬೇಡವೋ ಎಂಬುದು ನಿಮ್ಮ ಇಷ್ಟ, ಬೇಡವೆಂದು ವಿನಯದಿಂದ ಹೇಳಿ ಬಾಗಿಲು ಹಾಕಿದರೆ ಅದು ಅಪರಾಧವಲ್ಲ. ಆದರೆ ಮ್ಯಾಜಿಸ್ಟ್ರೇಟರು ಕೊಟ್ಟ ಶೋಧ ವಾರಂಟ್ ತಂದಿದ್ದರೆ ತಡೆಯಬಾರದು. 366ನೇ ಸೆಕ್ಷನ್ ಪ್ರಕಾರ ಅಡ್ಡಿಪಡಿಸುವುದೇ ಬೇರೊಂದು ಅಪರಾಧವಾಗುತ್ತದೆ.

ಅಧಿಕಾರಿ ಪ್ರಶ್ನೆ ಕೇಳುವ ಮೊದಲು, ನೀವು ಹೇಳುವುದು ಸಾಕ್ಷ್ಯವಾಗಬಹುದು ಎಂದು ಔಪಚಾರಿಕವಾಗಿ ಎಚ್ಚರಿಸಿದರೆ, ಅದು ಬರೀ ಮಾತುಕತೆಯಲ್ಲ ಎಂದು ತಿಳಿಯಿರಿ. ಅಂದು ಅವರು ಬರೆದುಕೊಂಡು ನಿಮ್ಮ ಸಹಿ ಹಾಕಿಸಿಕೊಳ್ಳುವ ಹೇಳಿಕೆಯೇ ಮುಂದೆ ನ್ಯಾಯಾಲಯಕ್ಕೆ ಹೋಗುತ್ತದೆ. ಉತ್ತರಿಸದಿರುವ ಹಕ್ಕು ನಿಮಗಿದೆ. ಓದದೆ, ಅರ್ಥವಾಗದೆ ಸಹಿ ಹಾಕಬೇಡಿ.

ಇಲ್ಲಿ ಮನೆಯ ಗಂಡಸರಿಗೆ ಒಂದು ಮಾತು ಹೇಳಲೇಬೇಕು. ಈ ಅಪರಾಧಕ್ಕೆ ಶಿಕ್ಷೆಗೊಳಗಾಗುವವರಲ್ಲಿ ಬಹುಪಾಲು ಮಹಿಳೆಯರು. ಬಿಬಿಸಿಯೇ ಇದನ್ನು ಕುರಿತು 2017ರಲ್ಲಿಯೂ 2023ರಲ್ಲಿಯೂ ಪರಿಶೀಲನಾ ವರದಿ ಹೊರತಂದಿತು. ಅಧಿಕಾರಿ ಬಂದಾಗ ಬಾಗಿಲು ತೆರೆಯುವವರು ಹೆಚ್ಚಾಗಿ ಮಹಿಳೆಯರು ಎಂಬುದು ಮುಖ್ಯ ಕಾರಣಗಳಲ್ಲಿ ಒಂದು. ನೀವು ಕಚೇರಿಗೆ ಹೋದಾಗ ಮನೆಯಲ್ಲಿರುವವರು ಹೆಂಡತಿ ಅಥವಾ ಅಮ್ಮ. ಪಂದ್ಯ ನೋಡಿದವರು ನೀವು, ಹೇಳಿಕೆ ಕೊಟ್ಟು ಪ್ರಕರಣ ಹೊರುವವರು ಅವರು. ಇದು ನನ್ನನ್ನು ತುಂಬಾ ನೋಯಿಸುವ ಸಂಗತಿ. ಲೈಸೆನ್ಸ್ ಇದೆಯೇ ಇಲ್ಲವೇ, ಬಂದವರಿಗೆ ಏನು ಹೇಳಬೇಕು ಎಂಬುದನ್ನು ಮನೆಯವರೆಲ್ಲ ಕುಳಿತು ಮೊದಲೇ ಮಾತಾಡಿಕೊಳ್ಳಿ.

ಹಂತ 7: ನ್ಯಾಯಾಲಯದ ನೋಟಿಸ್ ಬಂದರೆ

ಎಚ್ಚರಿಕೆ ಪತ್ರ ಬೇರೆ, ನ್ಯಾಯಾಲಯದ ನೋಟಿಸ್ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಪ್ರಕರಣಗಳು ‘ಸಿಂಗಲ್ ಜಸ್ಟಿಸ್ ಪ್ರೊಸೀಜರ್’ ಎಂಬ ವಿಧಾನದಲ್ಲಿ ನಡೆಯುತ್ತವೆ. ಒಬ್ಬ ಮ್ಯಾಜಿಸ್ಟ್ರೇಟರು ಕಾಗದಪತ್ರ ನೋಡಿಯೇ ತೀರ್ಪು ಕೊಡುತ್ತಾರೆ. ನೋಟಿಸ್ ಬಂದರೆ 21 ದಿನಗಳೊಳಗೆ ತಪ್ಪೊಪ್ಪಿಗೆಯನ್ನೋ ನಿರಾಕರಣೆಯನ್ನೋ ಕಳುಹಿಸಬೇಕು. ಸುಮ್ಮನಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಬರುತ್ತದೆ. ನಿರಾಕರಿಸಿದರೆ ಸಾಮಾನ್ಯ ವಿಚಾರಣೆಗೆ ಅವಕಾಶವಿದೆ. ಅನಾರೋಗ್ಯ, ಹಣದ ಕಷ್ಟ, ತಿಳಿವಳಿಕೆಯ ಕೊರತೆ ಏನೇ ಇದ್ದರೂ ಉತ್ತರದಲ್ಲಿ ಬರೆಯಿರಿ. ಹಳೆಯ ವಿಳಾಸಕ್ಕೆ ನೋಟಿಸ್ ಹೋಗಿ ನಿಮಗೆ ತಿಳಿಯದೇ ತೀರ್ಪು ಬಂದಿದ್ದರೆ, ತಿಳಿದ 21 ದಿನಗಳೊಳಗೆ ನ್ಯಾಯಾಲಯಕ್ಕೆ ಪ್ರಮಾಣ ಹೇಳಿಕೆ ಕೊಟ್ಟು ಪ್ರಕರಣವನ್ನು ಮತ್ತೆ ತೆರೆಸಬಹುದು. ಸ್ಕಾಟ್ಲೆಂಡಿನಲ್ಲಿ ಕ್ರಮ ಕೈಗೊಳ್ಳುವುದು ಅಲ್ಲಿನ ಪ್ರೊಕ್ಯುರೇಟರ್ ಫಿಸ್ಕಲ್ (ಸರ್ಕಾರಿ ಅಭಿಯೋಜಕರ) ಕಚೇರಿ.

ದಂಡದ ಗರಿಷ್ಠ ಮಿತಿ 1,000 ಪೌಂಡ್, ಅದರ ಜೊತೆಗೆ ನ್ಯಾಯಾಲಯದ ವೆಚ್ಚ. ಲೈಸೆನ್ಸ್ ಇಲ್ಲದ್ದಕ್ಕೆ ಜೈಲು ಇಲ್ಲ; ವಿಧಿಸಿದ ದಂಡವನ್ನು ಬೇಕೆಂದೇ ಕಟ್ಟದಿದ್ದರೆ ಮಾತ್ರ ಅಲ್ಲಿಯವರೆಗೆ ಹೋಗಬಹುದು. ಶಾಶ್ವತ ವಾಸಕ್ಕೋ ಪೌರತ್ವಕ್ಕೋ ಅರ್ಜಿ ಹಾಕುವಾಗ ನ್ಯಾಯಾಲಯ ವಿಧಿಸಿದ ದಂಡಗಳ ಬಗ್ಗೆ ಕೇಳುತ್ತಾರೆ, ಮುಚ್ಚಿಡುವುದು ದಂಡಕ್ಕಿಂತ ದೊಡ್ಡ ತಪ್ಪಾಗುತ್ತದೆ. ನೋಟಿಸ್ ಕೈಗೆ ಬಂದ ದಿನವೇ ನಿಮ್ಮ ಊರಿನ ‘ಸಿಟಿಜನ್ಸ್ ಅಡ್ವೈಸ್’ ಕೇಂದ್ರಕ್ಕೆ ಹೋಗಿ. ಅಲ್ಲಿ ಸಲಹೆ ಉಚಿತ.

ನಕಲಿ ಸಂದೇಶಗಳು

‘ನಿಮ್ಮ ಲೈಸೆನ್ಸ್ ಮುಗಿದಿದೆ, ಕೂಡಲೇ ಈ ಕೊಂಡಿ ಒತ್ತಿ’ ಎಂಬ ಮಿಂಚಂಚೆಗಳು ಬಹಳ ಬರುತ್ತವೆ. ಅಸಲಿ ಮಿಂಚಂಚೆಯಲ್ಲಿ ನೀವು ಕೊಟ್ಟ ಹೆಸರೋ ಪೋಸ್ಟ್‌ಕೋಡಿನ ಒಂದು ಭಾಗವೋ ಇರುತ್ತದೆ. ‘ಪ್ರಿಯ ಗ್ರಾಹಕರೇ’ ಎಂದು ಶುರುವಾದದ್ದನ್ನು ನಂಬಬೇಡಿ. ಬಂದ ಕೊಂಡಿಯನ್ನು ಒತ್ತದೆ ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಹೋಗಿ ನೋಡಿ.

ಹಂತ 8: ಮನೆ ಬದಲಿಸುವಾಗ, ಊರಿಗೆ ಮರಳುವಾಗ

ಲೈಸೆನ್ಸ್ ವಿಳಾಸಕ್ಕೆ ಅಂಟಿರುತ್ತದೆ. ಹೊಸ ಮನೆಗೆ ಹೋಗುವ ಮೂರು ತಿಂಗಳ ಮೊದಲಿನಿಂದಲೇ ಜಾಲತಾಣದಲ್ಲಿ ವಿಳಾಸ ಬದಲಿಸಬಹುದು. ಮರೆತರೆ ಹಣ ಕಟ್ಟುತ್ತಿದ್ದರೂ ಹೊಸ ಮನೆ ಲೈಸೆನ್ಸ್ ಇಲ್ಲದ ಮನೆಯಾಗುತ್ತದೆ.

ಓದು ಮುಗಿಸಿಯೋ ಕೆಲಸ ಬಿಟ್ಟೋ ಭಾರತಕ್ಕೆ ಮರಳುವವರು ಮೊದಲು ಲೈಸೆನ್ಸನ್ನೇ ರದ್ದು ಮಾಡಬೇಕು. ಬ್ಯಾಂಕಿನಲ್ಲಿ ಡೈರೆಕ್ಟ್ ಡೆಬಿಟ್ ನಿಲ್ಲಿಸುವುದು ಆಮೇಲಿನ ಕೆಲಸ. ಅವಧಿ ಮುಗಿಯಲು ಕನಿಷ್ಠ ಒಂದು ಪೂರ್ಣ ತಿಂಗಳು ಉಳಿದಿದ್ದರೆ, ಬಳಸದ ಪ್ರತಿ ಪೂರ್ಣ ತಿಂಗಳ ಹಣವನ್ನೂ ವಾಪಸ್ ಕೇಳಬಹುದು. ಸೆಪ್ಟೆಂಬರ್‌ನಲ್ಲಿ ವರ್ಷದ ಹಣ ಕಟ್ಟಿ ಜೂನ್‌ನಲ್ಲಿ ಹೊರಡುವ ವಿದ್ಯಾರ್ಥಿಗಳಿಗೆ ಇದು ಅನ್ವಯಿಸುತ್ತದೆ, ಅವರಲ್ಲಿ ಎಷ್ಟೋ ಮಂದಿ ಕೇಳದೆಯೇ ಹೋಗಿಬಿಡುತ್ತಾರೆ. ಹೊರಡುವ ದಿನಾಂಕ ತೋರಿಸುವ ಕಾಗದ, ಅಂದರೆ ಬಾಡಿಗೆ ಕರಾರು ಮುಗಿದ ಪತ್ರ ಅಥವಾ ವಿಮಾನದ ಟಿಕೆಟ್, ಕೈಯಲ್ಲಿರಲಿ. ಆ ಹಣ ಜಮೆಯಾಗುವವರೆಗೆ ಬ್ರಿಟನ್ನಿನ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ.